ಅಂಗಾರಣ್ಣನ ಹೃದಯ ಯಾವ ಕುಟುಂಬದ್ದು?

ಕಾಪುವಿನ ಅಂಗಾರಣ್ಣ ಮೀನಿನ ಬೋಟು ನಡೆಸುವ ತಾಂಡೇಲ. ಕಡಲಿಗೆ ಹೆದರದವರು ಈಚೆಗೆ ಮನೆಯ ಮೆಟ್ಟಿಲಿಗೆ ಹೆದರತೊಡಗಿದ್ದರು. ಹತ್ತಿದರೆ ಏದುಸಿರು. ೨೦೦೬ರ ಮಳೆಗಾಲದಲ್ಲಿ, ಬೋಟುಗಳೆಲ್ಲ ದಡದಲ್ಲಿದ್ದಾಗ, ಅವರನ್ನು ಹೆಂಡತಿ ರತ್ನಾವತಿ ಉಡುಪಿಯ ಒಂದು ಕ್ಲಿನಿಕ್ಕಿಗೆ ಎಳೆದುಕೊಂಡು ಹೋದರು. ಹೃದಯದ ಸ್ನಾಯು ಹಿಗ್ಗಿ ಬಲಗುಂದಿದೆ ಎಂದರು ಡಾಕ್ಟರು.

“ನಿಮ್ಮ ಕುಟುಂಬದಲ್ಲಿ ಯಾರಿಗಾದರೂ ಹೀಗೆ ಉಂಟಾ?”

“ಇಲ್ಲ.”

ಡಾಕ್ಟರು ‘ಇಲ್ಲ’ ಎಂದು ಬರೆದುಕೊಂಡರು. ಅಂಗಾರಣ್ಣನ ಅಪ್ಪ ಎದೆ ಹಿಡಿದುಕೊಂಡು ಬೋಟಿನಲ್ಲೇ ಸತ್ತದ್ದು ಊರಿಗೆಲ್ಲ ಗೊತ್ತು. ಆದರೂ ಅಂಗಾರಣ್ಣ ಸುಳ್ಳು ಹೇಳಿದ್ದಲ್ಲ. ಅಳಿಯಕಟ್ಟಿನವರಿಗೆ ಕುಟುಂಬವೆಂದರೆ ತಾಯಿಯ ಕಡೆ. ಅಪ್ಪ ಒಂದೇ ಮನೆಯಲ್ಲಿ ಉಂಡರೂ ಬೇರೆ ಕುಟುಂಬದವರು. ಹೊರಗಿನಿಂದ ಬಂದು ಈ ಊರಿನ ಬಂಗುಡೆ ಮೀನು ತಿನ್ನಲು ಕಲಿತ ಡಾಕ್ಟರು ಈ ಊರಿನ ಒಂದು ಪದ ಕಲಿಯಬಾರದೇ? ನನಗೆ ಸಿಟ್ಟು ಅದಕ್ಕೇ.

ಏಕೆಂದರೆ ಆ ‘ಇಲ್ಲ’ ಮಗಳ ಮೇಲೂ ಬೀಳುತ್ತಿತ್ತು. ದೀಕ್ಷಿತಾ ಕಾರ್ಕಳದ ಕಾಲೇಜಿನಲ್ಲಿ ಕಬಡ್ಡಿ ಆಡುವವಳು. ಈಚೆಗೆ ಆಟದ ನಡುವೆಯೇ ಕುಸಿದು ಕೂರುತ್ತಿದ್ದಳು. ಮಗಳನ್ನೂ ತೋರಿಸಬೇಕಾ ಎಂದು ರತ್ನಾವತಿ ಕೇಳಿದರು.

“ಕುಟುಂಬದಲ್ಲಿ ಯಾರಿಗೂ ಇಲ್ಲವೆಂದಾದರೆ ಮಗಳನ್ನು ಪರೀಕ್ಷಿಸುವ ತುರ್ತಿಲ್ಲ,” ಎಂದರು ಡಾಕ್ಟರು.

“ಅವಳು ಹೇಗೂ ಇವಳ ಕುಟುಂಬದವಳು, ಅಲ್ವಾ? ನನ್ನದು ಅವಳಿಗೆ ಬರುವುದಿಲ್ಲ,” ಎಂದು ಅಂಗಾರಣ್ಣ ಹೆಂಡತಿಯನ್ನು ತೋರಿಸಿದರು.

ರತ್ನಾವತಿಗೆ ತಡೆಯಲಾಗಲಿಲ್ಲ. “ಮತ್ತೆ ಅವಳ ಮೂಗು ಯಾರದ್ದು? ಗೊರಕೆ ಯಾರದ್ದು? ನನ್ನ ಅಣ್ಣಂದಿರು ಯಾರೂ ಗೊರಕೆ ಹೊಡೆಯುವವರಲ್ಲ. ಡಾಕ್ಟ್ರೇ, ಇವರ ಅಪ್ಪನೂ ಹೀಗೇ ಏದುಸಿರು ಬಿಟ್ಟೇ ಹೋದದ್ದು.”

ಡಾಕ್ಟರು ಗಾಬರಿಯಲ್ಲಿ ‘ಇಲ್ಲ’ವನ್ನು ಹೊಡೆದುಹಾಕಿದರು. ಬಳಿಕ ಬಿಡಿಸಿ ಹೇಳಿದರು: ಜೀನು ಅಪ್ಪನಿಂದಲೂ ಬರುತ್ತದೆ. ಅದು ಮನೆಯ ವಯರಿಂಗ್ ಇದ್ದಂತೆ. ಅದರ ಮೇಲೆ ಸ್ವಿಚ್ಚುಗಳಂಥ ಗುರುತುಗಳಿವೆ. ಹೊಗೆ, ಕುಡಿತ ಇಂಥವು ವಯರನ್ನು ಮುಟ್ಟದೆ ಸ್ವಿಚ್ಚನ್ನು ಬದಲಿಸಬಲ್ಲವು. ಇದೇ ಎಪಿಜೆನೆಟಿಕ್ಸ್. ಹೃದಯದ ಸ್ನಾಯುವಿನ ಕಾಯಿಲೆಯಲ್ಲಿ ಅದರ ಕೈವಾಡ ಎಷ್ಟೆಂದು ಇನ್ನೂ ಹುಡುಕುತ್ತಿದ್ದಾರೆ.

“ಅಂದರೆ ವಯರು ಅಪ್ಪನದ್ದು, ಸ್ವಿಚ್ಚು ನನ್ನದಾ?”

“ಸ್ವಿಚ್ಚು ಬೀಡಿಯದ್ದು,” ಎಂದ ರತ್ನಾವತಿ ಗಂಡನ ಕಿಸೆಯಿಂದ ಕಟ್ಟು ತೆಗೆದು ಡಾಕ್ಟರರ ಮೇಜಿನ ಮೇಲಿಟ್ಟರು.

ಮರುವಾರ ದೀಕ್ಷಿತಾಳ ಪರೀಕ್ಷೆಯಾಯಿತು. ಅವಳ ಹೃದಯವೂ ಹಿಗ್ಗಲು ಶುರುವಾಗಿತ್ತು. ಬೇಗ ಗೊತ್ತಾದದ್ದರಿಂದ ಮದ್ದು ಸಾಕೆಂದರು, ಕಬಡ್ಡಿ ಸದ್ಯಕ್ಕೆ ಬೇಡವೆಂದರು.

ಮರಳುವ ಬಸ್ಸಿನಲ್ಲಿ ಅಂಗಾರಣ್ಣ ಮಗಳ ಮುಖ ನೋಡಲಿಲ್ಲ. “ಮನೆ, ಜಾಗ ಎಲ್ಲ ನಿನ್ನ ಅಮ್ಮನ ಕುಟುಂಬದ್ದು. ನನ್ನಿಂದ ನಿನಗೆ ಬಂದದ್ದು ಇದೊಂದೇ. ಅದೂ ಹಾಳಾದದ್ದು.”

“ಮೂಗೂ ಉಂಟಲ್ಲ, ಅಪ್ಪ,” ಎಂದಳು ದೀಕ್ಷಿತಾ.