ಬ್ಯಾಡಂದ ಮಾತು

ದಂಡಿನ ನೌಕರಿ ಮುಗಿಸಿ ನಾ ಜಾವಾದಿಂದ ಮುನವಳ್ಳಿಗೆ ಬಂದೆ. ಗೆಳೆಯ ಬಸ್ಯಾ ಅಲ್ಲಿಯ ಹುಡುಗೀನ ಲಗ್ನಾಗಿ ಅಲ್ಲೇ ಉಳಿದ. ಹೆಂಡ್ತೀನ ಕರಕೊಂಡು ಬರತೇನಂತ ಅವ ಕಾಗದ ಬರೆದಾಗ, ಅವನ ಅವ್ವ ಗಂಗವ್ವ, "ಸೊಸಿ ಜೋಡಿ ಮಾತಾಡಾಕ ಕಲಿಸೋ" ಅಂತ ನನಗ ಗಂಟುಬಿದ್ದಳು.

ಬಂದವರಿಗೆ "ಸಲಾಮತ್ ದಾತಂಗ್" ಅನಬೇಕು. ರೊಟ್ಟಿ ಬಡಕೋತ ಎಂಟು ದಿನ ತಡವರಿಸಿದಳು. ಹೊರಟವರಿಗೆ "ಸಲಾಮತ್ ಜಲಾನ್" ಅಂತಾರ ಅಂದೆ.

"ಅದು ಬ್ಯಾಡೋ ತಮ್ಮಾ. ನಮ್ಮಲ್ಲಿ ಹೋಗಾವ್ರೂ ಬರತೇನಿ ಅಂತಾರ."

ಮುಂದಿನ ಕಾಗದ ಸೊಸಿ ಬರೆಸಿದ್ದಳು. ಬಸ್ಯಾ ಜ್ವರದಾಗ ತೀರಿಕೊಂಡಿದ್ದ. ನಾನೇ ಓದಿ ಹೇಳಿದೆ.

ಏಳುವಾಗ "ಬರತೇನಿ" ಬಾಯಿಗೆ ಬಂತು. ಸಾವಿನ ಮನ್ಯಾಗ ಹಂಗ ಅನಬಾರದು. ನುಂಗಿಕೊಂಡು ಹೊಸ್ತಿಲದಾಗ ನಿಂತೆ.

"ಸಲಾಮತ್ ಜಲಾನ್," ಅಂದಳು ಗಂಗವ್ವ, ಕಾಗದ ನೋಡಕೋತ.

ಒಮ್ಮೆ ಕೇಳಿದ ಮಾತು, ಒಂದಕ್ಷರ ತಪ್ಪಲಿಲ್ಲ. ಕಲಿಸಿದರ ಹಿಂಗ ಕಲಿಸಬೇಕು, ನೋಡ್ರಿ.