ನಾಯಿ ಐತಾ?

ನಮ್ಮ ಬೀದಿಗೆ ಎರಡು ತಿಂಗಳಿಗೊಮ್ಮೆ ಕರೆಂಟ್ ಮೀಟರ್ ನೋಡಲು ಒಬ್ಬರು ಬರುತ್ತಿದ್ದರು. ಗೇಟಿನ ಚಿಲಕ ಹಿಡಿದು, ಒಂದು ಕಾಲನ್ನು ಬೀದಿಯಲ್ಲೇ ಇಟ್ಟು, "ನಾಯಿ ಐತಾ?" ಎಂದು ಕೂಗುತ್ತಿದ್ದರು. ನಮ್ಮ ಮನೆಯಲ್ಲಿ ಯಾವತ್ತೂ ನಾಯಿ ಇರಲಿಲ್ಲ. ಆದರೂ ಪ್ರತಿಸಲ ಕೇಳುತ್ತಿದ್ದರು. ನಾನೂ ಒಂದೆರಡು ಸಲ ಒಳಗಿನಿಂದ ಬೊಗಳಿದ್ದೇನೆ.

ಸೇಲಂನಲ್ಲಿ ಓದುವ ನನ್ನ ಮೊಮ್ಮಗಳು ಒಮ್ಮೆ ನಮ್ಮ ಮನೆಗೆ ಬಂದಿದ್ದಾಗ ಫೋನಿನಲ್ಲಿ ಆಡುವ ದೆವ್ವದ ಮನೆಯ ಆಟವೊಂದನ್ನು ಮಾಡಿದ್ದಳು. ಹತ್ತು ನಿಮಿಷದ ಆಟ. ಮಾರನೆಯ ದಿನ ಕಾಲೇಜಿನಲ್ಲಿ ತೋರಿಸಬೇಕಿತ್ತು, ಆದರೆ ಆಡಿದವರೆಲ್ಲ ನಗುತ್ತಿದ್ದರು. ದೆವ್ವದ ಸೀರೆ ಎಲ್ಲಿ ಕೊಂಡದ್ದು ಎಂದು ಕೇಳಿ ನಾನಂತೂ ಮೊಮ್ಮಗಳಿಗೆ ಅಳು ಬರಿಸಿಯೇಬಿಟ್ಟಿದ್ದೆ. ಅಷ್ಟರಲ್ಲಿ ಈ ಮೀಟರಿನವರು ಬಂದರು. ಜಗಲಿಯಲ್ಲಿ ಕೂರಿಸಿ, ರೀಡಿಂಗ್ ಬರೆಯುವ ಮೀಟರ್ ಕಾರ್ಡಿನ ಜೊತೆಗೆ ಫೋನನ್ನೂ ಕೈಗೆ ಕೊಟ್ಟೆ.

ಆಟದ ಮನೆಯೊಳಗೆ ದೀಪ ಮಿಣುಕಿತು. "ಲೂಸ್ ಕನೆಕ್ಷನ್ ಪಾಪಾ," ಎಂದು ಮೊಮ್ಮಗಳಿಗೆ ಹೇಳಿದರು. ತಲೆ ಕೆದರಿದ ದೆವ್ವ ಎದುರಿಗೆ ಬಂತು. "ವಸಿ ಆ ಕಡೆ ನಿಂತ್ಕಮ್ಮಾ. ಮೀಟ್ರು ಇಂದ್ಗಡೆ ಐತಾ?" ಎಂದು ಅದನ್ನೇ ಕೇಳಿದರು. ಮೊಮ್ಮಗಳ ಮುಖ ಸಣ್ಣದಾಯಿತು.

ಆಟದ ಹಿತ್ತಲಲ್ಲಿ ಕಂಬಕ್ಕೆ ಕಟ್ಟಿದ ಸರಪಳಿಯೊಂದು ಬಿದ್ದಿತ್ತು. ತುದಿಯಲ್ಲಿ ಏನೂ ಇರಲಿಲ್ಲ. ಅಂದಕ್ಕೆಂದು ಇಟ್ಟಿದ್ದಳಂತೆ.

ಇವರು ಎದ್ದು ನಿಂತರು. "ಬಿಚ್ಚಿ ಬುಟ್ಟವ್ರಾ?" ಎಂದರು. ಫೋನನ್ನು ನನ್ನ ಮಡಿಲಿಗೆ ಹಾಕಿ, ಗೇಟು ದಾಟಿ, ಹೊರಗಿನಿಂದ ಚಿಲಕ ಹಾಕಿಕೊಂಡರು.

"ಅಜ್ಜೀ, ಎದ್ರುಕೊಂಡ್ರು!" ಎಂದು ಮೊಮ್ಮಗಳು ಕುಣಿದಳು. ಅಲ್ಲೇ ಕೂತು ಆಟದಿಂದ ದೆವ್ವವನ್ನು ತೆಗೆದುಹಾಕಿ ಸರಪಳಿಯನ್ನು ಉಳಿಸಿಕೊಂಡಳು.

ಇವರು ಗೇಟಿನ ಮೇಲಿಂದ ಕಾರ್ಡು ವಾಪಸ್ ಕೊಟ್ಟರು. ನಾವಿಬ್ಬರೂ ಜಗಲಿಯಲ್ಲಿದ್ದೆವು, ಬಾಗಿಲು ಹಾರುಹೊಡೆದಿತ್ತು. ಕಾರ್ಡಿನಲ್ಲಿ ‘ಮನೆಗೆ ಬೀಗ’ ಎಂದು ಬರೆದಿದ್ದರು.