ಸಪ್ಪಳ ನಿಂತರೆ ಹೆದರುವ ಪ್ರಭುಲಿಂಗ

ಬನಹಟ್ಟಿಯ ನೇಕಾರರ ಮನೆಯ ಪ್ರಭುಲಿಂಗ ಇಂಗ್ಲೆಂಡಿನ ನಮ್ಮ ಪುಟ್ಟ ಮಠಕ್ಕೆ ದಾಸೋಹದ ಸೇವೆಗೆಂದು ಬಂದವನು. ಚಳಿಗಾಗಲಿ ಪೊಲೀಸರಿಗಾಗಲಿ ಹೆದರದ ಈ ಆಸಾಮಿ ಇಲ್ಲಿಯ ನಿಶ್ಶಬ್ದಕ್ಕೆ ಮಾತ್ರ ಗಡಗಡ ನಡುಗುತ್ತಾನೆ. ರುಬ್ಬುವುದೇನೂ ಇಲ್ಲದಿದ್ದರೂ ಮಿಕ್ಸಿ ಹಚ್ಚುತ್ತಾನೆ, ಕಸವಿಲ್ಲದ ಕೋಣೆಗೆ ವ್ಯಾಕ್ಯೂಮ್ ಹೊಡೆಯುತ್ತಾನೆ, ಲಿಂಗಪೂಜೆಗೆ ವಾಷಿಂಗ್ ಮಷೀನಿನ ಪಕ್ಕದಲ್ಲೇ ಕೂರುತ್ತಾನೆ. ಮಷೀನು ನಿಂತಿತೋ, ಒಂದು ಅಂಗೈಯಲ್ಲಿ ಲಿಂಗ ಹಿಡಿದೇ ಇನ್ನೊಂದು ಕೈಯಿಂದ ಮತ್ತೆ ಬಟನ್ ಒತ್ತುತ್ತಾನೆ. "ಧ್ಯಾನಕ್ಕ ಇಂಥಾ ಜಾಗಾ ಎಲ್ಲಿ ಸಿಗತೈತೋ?" ಎಂದು ಸ್ವಾಮಿಗಳು ಅಂದರೆ, "ಭಾಳ ಗಪ್ಪ ಐತ್ರಿ ಅಜ್ಜಾರ" ಎಂದು ಬಾಗಿಲ ಕಡೆ ನೋಡುತ್ತಾನೆ. "ಏನಲೇ ನಿನ್ನ ಹುಚ್ಚು?" ಎಂದು ನಾನೊಮ್ಮೆ ಗದರಿದೆ. "ನಮ್ಮ ಓಣ್ಯಾಗ ಯಾರರ ತೀರಿಕೊಂಡ್ರ ಎಲ್ಲಾ ಮಗ್ಗ ಬಂದ್ ಮಾಡ್ತಾರ್ರಿ ಅಣ್ಣಾರ. ಸಪ್ಪಳ ನಿಂತ್ರ ಎದಿ ಧಸಕ್ ಅಂತೈತ್ರಿ" ಎಂದ. ಅದಕ್ಕೇ ದಿನಾ ಮಧ್ಯಾಹ್ನದ ಊಟವಾದ ಮೇಲೆ ಮನೆಗೆ ಫೋನು ಹಚ್ಚಿ ಸ್ಪೀಕರಿಗೆ ಹಾಕುತ್ತಾನೆ; ಮಾತಿಗಲ್ಲ, ಅಪ್ಪನ ಕರೆಂಟ್ ಮಗ್ಗದ ಖಟಪಟ ಕೇಳುವುದಕ್ಕೆ. ಇವತ್ತು ಆ ಖಟಪಟ ಇರಲಿಲ್ಲ. "ಕರೆಂಟ್ ಹೋಗೇತೋ ತಮ್ಮಾ, ಅಷ್ಟ" ಎಂದಳು ಅಕ್ಕ ಮಂಗಲಾ. ಪ್ರಭುಲಿಂಗ ಫೋನಿನ ಸೌಂಡು ಏರಿಸಿದ. ಅಕ್ಕನ ದನಿಯ ಹಿಂದೆ, ಅವರ ಹಿತ್ತಲಿನಲ್ಲಿ, ನೀರೆತ್ತುವ ಕರೆಂಟ್ ಮೋಟಾರು ಗುಂಯ್ ಎನ್ನುತ್ತಲೇ ಇತ್ತು.